ಲೆಕ್ಕದ ಸಾರ್

ಬಳ್ಳಾರಿಯಲ್ಲಿ ಶಾಲೆಗೆ ತಡವಾಗಿ ಬರುವ ಚಾಳಿ ಹೊಸದಲ್ಲ. ಅದಕ್ಕೆ ಇನ್ನೂರು ವರ್ಷ ಹಳೆಯ ಸರ್ಕಾರಿ ದಾಖಲೆಯೇ ಇದೆ. ಮದರಾಸಿನ ಗವರ್ನರ್ ಮನ್ರೋ ಸಾಹೇಬರು 1822ರಲ್ಲಿ ಜಿಲ್ಲೆ ಜಿಲ್ಲೆಯ ಶಾಲೆಗಳ ಲೆಕ್ಕ ಕೇಳಿದರು. ಇಲ್ಲಿನ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ಮರುವರ್ಷ ಆಗಸ್ಟ್ 17ರಂದು ಉತ್ತರ ಕಳಿಸಿದರು. ಕೋಷ್ಟಕ ತುಂಬಿ ಸುಮ್ಮನಾಗದೆ, ಜಗಲಿ ಶಾಲೆಯಲ್ಲಿ ಬೆಳಗಾದರೆ ಏನೇನು ನಡೆಯುತ್ತದೆ ಎಂಬುದನ್ನೂ ಬರೆದರು. ಶಾಲೆ ಶುರುವಾಗುತ್ತಿದ್ದದ್ದು ಬೆಳಿಗ್ಗೆ ಆರಕ್ಕೆ. ಮೊದಲು ಬಂದ ಹುಡುಗನ ಅಂಗೈ ಮೇಲೆ ಮರ್ಯಾದೆಗೆಂದು ಸರಸ್ವತಿಯ ಹೆಸರು ಬರೆಯುತ್ತಿದ್ದರಂತೆ. ಎರಡನೆಯವನ ಅಂಗೈಗೆ ಸೊನ್ನೆ. ಅವನಿಗೆ ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಮೆತ್ತಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಆಮೇಲೆ ಬಂದವರಿಗೆ ಒಂದೊಂದು ಹೆಚ್ಚು.

ಇದನ್ನು ಓದಿ ಇತಿಹಾಸದ ಮೇಷ್ಟ್ರಾದರೆ ನಿಟ್ಟುಸಿರು ಬಿಟ್ಟಾರು. ನಾನು ಲೆಕ್ಕದವನು, ನನಗೆ ಕಂಡದ್ದು ಸಮಾಂತರ ಶ್ರೇಢಿ. ಆಗಿನ ಜಿಲ್ಲೆಯಲ್ಲಿ 533 ಶಾಲೆ, 6,641 ಮಕ್ಕಳು. ಅಂದರೆ ಶಾಲೆಗೆ ಹನ್ನೆರಡು ಚಿಲ್ಲರೆ. ಹನ್ನೆರಡನೆಯವನಿಗೆ ಹತ್ತು ಏಟು. ಎಲ್ಲ ಕೂಡಿಸಿದರೆ ದಿನಕ್ಕೆ 55. ಇದರಲ್ಲೊಂದು ಸೂಕ್ಷ್ಮವಿದೆ. ಏಟು ಗಡಿಯಾರ ನೋಡಿ ಬೀಳುತ್ತಿರಲಿಲ್ಲ, ಸರತಿ ನೋಡಿ ಬೀಳುತ್ತಿತ್ತು. ಊರಿನ ಮಕ್ಕಳೆಲ್ಲ ನಸುಕಿನ ನಾಲ್ಕಕ್ಕೇ ಬಂದು ಕೂತರೂ ಕೊನೆಯವನಿಗೆ ಹತ್ತು ತಪ್ಪಿದ್ದಲ್ಲ. ಇದೇ ನಿಯಮವನ್ನು ನನ್ನ ತರಗತಿಯ ನಲವತ್ತು ಮಕ್ಕಳಿಗೆ ಹಚ್ಚಿದರೆ 741 ಏಟಾಗುತ್ತದೆ. ನನ್ನ ರಟ್ಟೆಯ ಪುಣ್ಯಕ್ಕೆ 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದು ಏಟನ್ನು ನಿಷೇಧಿಸಿತು. ಸೊನ್ನೆಯನ್ನು ಮಾತ್ರ ಯಾರೂ ನಿಷೇಧಿಸಿಲ್ಲ. ಅದು ಕಿರುಪರೀಕ್ಷೆಯ ಉತ್ತರಪತ್ರಿಕೆಗಳ ಮೇಲೆ ಇವತ್ತಿಗೂ ಆರೋಗ್ಯವಾಗಿದೆ.

ಈ ಸರತಿಯಲ್ಲಿ ನಾನೇ ಎಲ್ಲಿ ನಿಲ್ಲುತ್ತೇನೆ ಎಂದು ಕೇಳಬೇಡಿ. ನನ್ನ ಮನೆ ಬಳ್ಳಾರಿಯಲ್ಲಿ, ಶಾಲೆ ಸಿರುಗುಪ್ಪ ಕಡೆಯ ಹಳ್ಳಿಯಲ್ಲಿ. ಅದಕ್ಕೂ ಮೊದಲು ಕುರುಗೋಡು ಕಡೆ ಇದ್ದೆ. ನಮ್ಮ ಭಾಷೆಯಲ್ಲಿ ಇದಕ್ಕೆ ‘ಅಪ್ ಅಂಡ್ ಡೌನ್ ಮಾಡೋದು’ ಎನ್ನುತ್ತಾರೆ. ಬೆಳಗಿನ ಸಿರುಗುಪ್ಪ ಬಸ್ಸೆಂದರೆ ಅರ್ಧ ಶಿಕ್ಷಣ ಇಲಾಖೆ. ಶಕ್ತಿ ಯೋಜನೆ ಬಂದ ಮೇಲೆ ಮೇಡಂಗಳಿಗೆ ಟಿಕೆಟ್ ಇಲ್ಲ, ನಮಗೆ ಸೀಟ್ ಇಲ್ಲ. ತೆಕ್ಕಲಕೋಟೆವರೆಗೂ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಟಿಫಿನ್ ಬಾಕ್ಸ್, ಬಗಲಲ್ಲಿ ತಿದ್ದಿದ ನೋಟ್‌ಬುಕ್ಕುಗಳ ಕಟ್ಟು. ಊರ ಅಗಸೆಯಲ್ಲಿ ನಮ್ಮ ಹುಡುಗರು ಬಸ್ಸಿನ ದಾರಿ ಕಾಯುತ್ತಿರುತ್ತಾರೆ. ನಾನು ಇಳಿದದ್ದು ಕಂಡ ಕೂಡಲೇ ‘ಬಂದ್ರಲೇ!’ ಎಂದು ಕೂಗಿ ಓಡುತ್ತಾರೆ. ಆ ಕೂಗಿನಲ್ಲಿ ಸ್ವಾಗತ ಎಷ್ಟು, ನಿರಾಶೆ ಎಷ್ಟು ಎಂಬ ಲೆಕ್ಕ ನನಗೆ ಇನ್ನೂ ಬಿಡಿಸಲಾಗಿಲ್ಲ.

ಕ್ಯಾಂಬೆಲ್ ಸಾಹೇಬರ ಪಟ್ಟಿಯಲ್ಲಿ ಕನ್ನಡ ಶಾಲೆ 235, ತೆಲುಗು ಶಾಲೆ 226. ಆಗ ಈಗಿನ ಅನಂತಪುರವೂ ಬಳ್ಳಾರಿ ಜಿಲ್ಲೆಯೊಳಗೇ ಇತ್ತೆನ್ನಿ. 1953ರಲ್ಲಿ ಬಳ್ಳಾರಿ ಮೈಸೂರಿಗೆ ಬಂತು, ಆದೋನಿ, ರಾಯದುರ್ಗ ಆಂಧ್ರಕ್ಕೆ ಹೋದವು, ಗಡಿ ಗೆರೆ ಬಿತ್ತು. ಆ ಗೆರೆ ನಮ್ಮ ಮಕ್ಕಳ ಬೆರಳಿಗೆ ಇನ್ನೂ ಗೊತ್ತಾದಂತಿಲ್ಲ. ಮಗ್ಗಿ ಒಪ್ಪಿಸು ಎಂದರೆ ಚೊಕ್ಕ ಕನ್ನಡದಲ್ಲಿ ಒಪ್ಪಿಸುತ್ತಾರೆ. ಕೂಡುವ ಲೆಕ್ಕ ಕೊಟ್ಟರೆ ಬೆಂಚಿನ ಕೆಳಗೆ ಬೆರಳು ಮಡಚಿ ‘ಒಕಟಿ, ರೆಂಡು, ಮೂಡು’ ಎಂದು ತುಟಿಯಲ್ಲೇ ಎಣಿಸುತ್ತಾರೆ. ಉತ್ತರ ಮತ್ತೆ ಕನ್ನಡದಲ್ಲಿ ಬರುತ್ತದೆ. ಸರಿಯಾಗಿಯೇ ಬರುವುದರಿಂದ ನಾನು ತಕರಾರು ಮಾಡುವುದಿಲ್ಲ.

ತಕರಾರು ಅವರ ಕಡೆಯಿಂದ ಬರುತ್ತದೆ. ನಲ್ಲಿ, ತೊಟ್ಟಿಯ ಲೆಕ್ಕ ನಿಮಗೂ ನೆನಪಿರಬೇಕು. ಒಂದು ನಲ್ಲಿ ತೊಟ್ಟಿಯನ್ನು ತುಂಬುತ್ತದೆ, ತಳದಲ್ಲಿ ಇನ್ನೊಂದು ಖಾಲಿ ಮಾಡುತ್ತದೆ, ಎರಡನ್ನೂ ಒಟ್ಟಿಗೆ ಬಿಟ್ಟರೆ ಎಷ್ಟು ಹೊತ್ತಿಗೆ ತುಂಬೀತು? ಬೋರ್ಡಿನ ಮೇಲೆ ಬರೆದು ತಿರುಗಿದೆ. ಕಾಲುವೆ ಪಕ್ಕದ ಗದ್ದೆಯಲ್ಲಿ ಬೆಳೆದ ಹುಡುಗನೊಬ್ಬ ಎದ್ದು ನಿಂತ.

“ಸಾರ್, ತೂತು ಇದ್ರ ಮದ್ಲು ಮುಚ್ಚಬೇಕಲ್ರಿ. ನೀರು ಹೊಕ್ಕಂತ ಇರುವಾಗ ಯಾರು ಲೆಕ್ಕ ಮಾಡ್ಕಂತ ಕುಂದ್ರತಾರ?”

ಗಣಿತಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ. ಪಠ್ಯಪುಸ್ತಕ ಬರೆಯುವವರು ಗದ್ದೆಗೆ ನೀರು ಕಟ್ಟಿದವರಲ್ಲ ಎಂದುಕೊಂಡು ಮುಂದೆ ಹೋದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಚೈನ್ ಕಡಿದು ಕೊಚ್ಚಿಹೋಯಿತಲ್ಲ, ಆ ವಾರ ನಮ್ಮ ತರಗತಿಯೇ ನೀರಾವರಿ ಇಲಾಖೆಯಾಯಿತು. ಗೇಟ್ ಒಟ್ಟು 33 ಎಂಬುದು ಎಲ್ಲರಿಗೂ ಗೊತ್ತು. ಒಳಹರಿವು ಎಷ್ಟು, ಹೊರಹರಿವು ಎಷ್ಟು ಕ್ಯೂಸೆಕ್, ಸ್ಟಾಪ್ ಲಾಗ್ ಎಂದರೇನು, ಎಷ್ಟು ಹಲಗೆ ಇಳಿಸಬೇಕು? ಏಳರ ಮಗ್ಗಿಗೆ ತಡವರಿಸುವವರು ಟಿಎಂಸಿಯಲ್ಲಿ ಮಾತಾಡಿದರು. ಮನೆಯಲ್ಲಿ ಅಪ್ಪ, ಚಿಕ್ಕಪ್ಪ, ಅಜ್ಜ ಎಲ್ಲರೂ ಅದೇ ಲೆಕ್ಕದಲ್ಲಿ ಮುಳುಗಿದ್ದರು. ನಾಟಿ ಮಾಡಿದ ಭತ್ತ ಉಳಿಯುತ್ತದೋ ಇಲ್ಲವೋ ಎಂಬುದು ಆ ಉತ್ತರದ ಮೇಲೆ ನಿಂತಿತ್ತು. ವಾರದೊಳಗೆ ಸ್ಟಾಪ್ ಲಾಗ್ ಇಳಿಸಿ ನೀರು ನಿಲ್ಲಿಸಿದ ಸುದ್ದಿ ಬಂದ ದಿನ ಅದೇ ಹುಡುಗ ನನ್ನನ್ನು ನೋಡಿ ನಕ್ಕ. “ನಾ ಹೇಳಿದ್ದಿಲ್ಲೇನ್ರಿ ಸಾರ್, ಮದ್ಲು ಮುಚ್ಚಬೇಕಂತ?” ಹೌದಪ್ಪ, ಹೇಳಿದ್ದೆ.

ನಮ್ಮ ಹಾಜರಿಯೂ ಜಲಾಶಯದ ಕೈಯಲ್ಲೇ ಇದೆ. ಕಾಲುವೆಗೆ ನೀರು ಬಿಟ್ಟರೆ ಸಿರುಗುಪ್ಪ ಕಡೆ ನಾಟಿ, ಹಿಂದಿನ ಬೆಂಚು ಖಾಲಿ. ಕುರುಗೋಡು ಕಡೆ ಇದ್ದಾಗ ಮೆಣಸಿನಕಾಯಿ ಬಿಡಿಸುವ ಕಾಲಕ್ಕೆ ಹುಡುಗಿಯರ ಸಾಲು ಖಾಲಿ. ರಜಾಚೀಟಿಗಳಲ್ಲೆಲ್ಲ ಒಂದೇ ಒಕ್ಕಣೆ: ‘ನನಗೆ ಜ್ವರ ಬಂದಿರುವುದರಿಂದ’. ಜ್ವರ ಬಿಟ್ಟು ಬಂದವಳು ಕೈ ತೊಳೆದಿದ್ದರೂ ಕಣ್ಣುಜ್ಜಿಕೊಂಡರೆ ಗಳಗಳ ನೀರು, ಪಕ್ಕದವಳಿಗೆ ಸೀನು. ಕೆಜಿಗೆ ಇಷ್ಟು, ಇವತ್ತು ಬಿಡಿಸಿದ್ದು ಇಷ್ಟು, ಕೂಲಿ ಎಷ್ಟು ಎಂದರೆ ರೆಪ್ಪೆ ಮಿಟುಕಿಸುವುದರೊಳಗೆ ಹೇಳುತ್ತಾಳೆ. ಅದನ್ನೇ ದಶಮಾಂಶ ಭಿನ್ನರಾಶಿಯ ಗುಣಾಕಾರ ಎಂದು ಬೋರ್ಡಿನ ಮೇಲೆ ಬರೆದರೆ ಮತ್ತೆ ಜ್ವರ. ಪಾಲಕರ ಸಭೆಯಲ್ಲಿ ಗದರಿಸೋಣವೆಂದರೆ ಪಾಲಕರು ಬರುವುದೇ ಇಲ್ಲ, ಅವರೂ ಹೊಲದಲ್ಲಿರುತ್ತಾರೆ. ಹೊಲಕ್ಕೇ ಹೋಗಿ ಮಾತಾಡಿದ್ದುಂಟು. ಕಳಿಸುತ್ತೇವೆ ಎನ್ನುತ್ತಾರೆ, ಚಹಾ ಕೊಡುತ್ತಾರೆ, ಬರುವಾಗ ಒಂದು ಚೀಲ ಹಸಿಮೆಣಸಿನಕಾಯಿ ಬೇರೆ. ಮಾರನೇ ದಿನ ಒಂದಿಬ್ಬರು ಬರುತ್ತಾರೆ. ಆ ಒಂದಿಬ್ಬರಿಗಾಗಿ ಮತ್ತೆ ಹೋಗಬೇಕಾಗುತ್ತದೆ.

ಪರೀಕ್ಷೆಯ ಕಾಲಕ್ಕೆ ಮಾತ್ರ ಹಾಜರಿಯ ಚಿಂತೆಯಿಲ್ಲ, ಕುರುಗೋಡಿನ ದೊಡ್ಡಬಸವಣ್ಣನ ಗುಡಿಯಲ್ಲಿ ಎಲ್ಲರೂ ಸಿಗುತ್ತಾರೆ. ಏಕಶಿಲೆಯ ಆ ದೊಡ್ಡ ಬಸವಣ್ಣನ ಎದುರು ಹಾಲ್ ಟಿಕೆಟ್ ಇಟ್ಟು ಕಾಯಿ ಒಡೆಸುವ ಹುಡುಗರು ನನ್ನನ್ನು ಕಂಡು ತುಸು ಮುಜುಗರಪಡುತ್ತಾರೆ. ನಾನೂ ಕಾಯಿ ಹಿಡಿದುಕೊಂಡೇ ಹೋಗಿರುತ್ತೇನಾದ್ದರಿಂದ ಇಬ್ಬರೂ ಸಮ.

ಲೆಕ್ಕ ಕಲಿಸುವವನು ಎಂಬ ಒಂದೇ ಅಪರಾಧಕ್ಕೆ ಶಾಲೆಯ ಎಲ್ಲ ಲೆಕ್ಕಗಳೂ ನನ್ನ ತಲೆಗೇ ಬಂದಿವೆ. ಹಾಲಿನ ಪುಡಿ, ಅಕ್ಕಿ, ಬೇಳೆ, ಶೂ, ಸಾಕ್ಸ್, ಸಮವಸ್ತ್ರ, ಪಠ್ಯಪುಸ್ತಕ. ಆಮೇಲೆ ಇವೆಲ್ಲವನ್ನೂ ಆನ್‌ಲೈನ್‌ನಲ್ಲಿ ಏರಿಸುವುದು. ಸರ್ವರ್ ಡೌನ್ ಆದರೆ ಬೇವಿನ ಮರದ ಕೆಳಗೆ ನಿಂತು ಮೊಬೈಲ್ ಎತ್ತಿ ಹಿಡಿಯುವುದು. 2002ರ ಜೂನ್‌ನಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ನಮ್ಮದೂ ಒಂದು. ಬಿಸಿಯೂಟ ಬಂದು ಮಕ್ಕಳು ಉಳಿದರು ಎಂಬುದು ನಿಜ, ಅದಕ್ಕೆ ಎರಡು ಮಾತಿಲ್ಲ. ಈಚೆಗೆ ವಾರಕ್ಕೆ ಆರು ದಿನ ಮೊಟ್ಟೆಯೂ ಬಂದಿದೆ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಯಾರಿಗೆ ಯಾವುದು ಎಂದು ದಿನವೂ ರಿಜಿಸ್ಟರ್‌ನಲ್ಲಿ ಬರೆಯಬೇಕು. ತತ್ತಿ ಮುಟ್ಟದ ಮನೆತನದ ಹುಡುಗನೊಬ್ಬ ಮೆಲ್ಲಗೆ ಹತ್ತಿರ ಬಂದು ಕಿವಿಯಲ್ಲಿ ಹೇಳಿದ:

“ಸಾರ್, ರಿಜಿಸ್ಟರ್‌ನ್ಯಾಗ ಬಾಳಿಹಣ್ಣು ಬರೀರಿ. ತಾಟಿನ್ಯಾಗ ತತ್ತಿ ಹಾಕಸ್ರಿ.”

ಇಷ್ಟು ಸಣ್ಣ ವಯಸ್ಸಿಗೆ ಇಂಥ ಆಡಳಿತಜ್ಞಾನ! ಮುಂದೆ ಕೆಎಎಸ್ ಆಗುವ ಎಲ್ಲ ಲಕ್ಷಣವೂ ಅವನಲ್ಲಿದೆ. ನಾನು ಏನು ಬರೆದೆ ಎಂಬುದು ಆಡಿಟ್‌ಗೆ ಸಂಬಂಧಪಟ್ಟ ವಿಷಯ, ಇಲ್ಲಿ ಬೇಡ.

ಶಾಲೆಯೊಳಗಿನ ಎಣಿಕೆ ಮುಗಿದರೆ ಊರಿನ ಎಣಿಕೆ. ಮತದಾರರು, ಮನೆಗಳು, ಶಾಲೆ ಬಿಟ್ಟವರು, ಎಲ್ಲ ಮೇಷ್ಟ್ರ ಕಾಲ ಮೇಲೆಯೇ ನಡೆಯಬೇಕು. 2025ರ ದಸರಾ ರಜೆಯಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಬಂತು. 60 ಪ್ರಶ್ನೆ, ಒಂದು ಆ್ಯಪ್, ಮನೆಯ ಕರೆಂಟ್ ಮೀಟರಿನ ಆಧಾರದ ಮೇಲೆ ಮನೆ ಪಟ್ಟಿ, ಕೊನೆಗೆ ಯಜಮಾನರ ಮೊಬೈಲಿಗೆ ಓಟಿಪಿ. ರಜೆ ಅಕ್ಟೋಬರ್ 18ರವರೆಗೆ ಮುಂದೆ ಹೋಯಿತು. ಮಕ್ಕಳಿಗೆ ರಜೆ, ನಮಗೆ ಓಟಿಪಿ. ಒಂದು ಮನೆಯ ಕಟ್ಟೆ ಮೇಲೆ ಕೂತು ಅಜ್ಜಿಯೊಬ್ಬಳನ್ನು ಕೇಳುತ್ತ ಹೋದೆ: ಯಾವ ಜಾತಿ, ಉಪಜಾತಿ ಏನು, ಮಗ ಎಷ್ಟು ಓದಿದ್ದಾನೆ, ಏನು ಕೆಲಸ, ಹೊಲ ಎಷ್ಟು, ನೀರಾವರಿಯೋ ಮಳೆ ಆಶ್ರಯವೋ, ಮನೆ ಸ್ವಂತದ್ದೋ ಬಾಡಿಗೆಯೋ. ಅಜ್ಜಿ ಎಲ್ಲಕ್ಕೂ ಹುರುಪಿನಿಂದ ಉತ್ತರ ಕೊಟ್ಟು, ಒಳಗೆ ಹೋಗಿ ಸೀರೆ ಸರಿಮಾಡಿಕೊಂಡು, ಬೆಲ್ಲ ನೀರು ತಂದಿಟ್ಟು ಕೇಳಿದಳು:

“ಎಲ್ಲ ಕೇಳಿದ್ರಿ. ಹುಡುಗಿ ಕಡೇರು ಯಾವ ಊರೋರಪಾ?”

ಸಮೀಕ್ಷೆ ಎಂದು ವಿವರಿಸಿದೆ. ಮುಖ ಸಣ್ಣ ಮಾಡಿಕೊಂಡಳು. ಬೆಲ್ಲವನ್ನು ಮಾತ್ರ ವಾಪಸು ಒಯ್ಯಲಿಲ್ಲ. ಮುಂದಿನ ಸಲ ಬಂದಾಗ ಒಂದು ಒಳ್ಳೆಯ ಹುಡುಗಿಯನ್ನು ನೋಡಿಕೊಂಡು ಬರಬೇಕೆಂದು ತಾಕೀತು ಮಾಡಿದಳು. ಆ್ಯಪ್‌ನಲ್ಲಿ ಅದಕ್ಕೆ ಜಾಗವಿರಲಿಲ್ಲ.

ಹಾಗಾದರೆ ಈ ಕೆಲಸದಲ್ಲಿ ಸುಖವೇ ಇಲ್ಲವೇ? ಇದೆ. ಅದು ಬರುವ ರೀತಿ ಸ್ವಲ್ಪ ವಿಚಿತ್ರ. ಸೆಪ್ಟೆಂಬರ್ 5ರಂದು ಸಿಗುವ ಹತ್ತು ರೂಪಾಯಿಯ ಪೆನ್ನುಗಳ ಮಾತು ಬಿಡಿ, ಅವು ಆರನೇ ತಾರೀಖಿಗೆ ಬರೆಯುವುದನ್ನು ನಿಲ್ಲಿಸುತ್ತವೆ. ನಾನು ಹೇಳುವುದು ಬೇರೆ ಜಾತಿಯ ಸುಖ. ಒಂದು ಲೆಕ್ಕವನ್ನು ಅತ್ತಲಿಂದ ಇತ್ತಲಿಂದ ತಿರುಗಿಸಿ, ಗೋಲಿ ತಂದು, ಕಡ್ಡಿ ಮುರಿದು, ಗಂಟಲು ಹರಿದುಕೊಂಡು ಹೇಳಿರುತ್ತೇವೆ. ಹಿಂದಿನ ಬೆಂಚಿನ ಹುಡುಗಿ ಇದ್ದಕ್ಕಿದ್ದಂತೆ ತಲೆಯೆತ್ತಿ, “ಅಯ್ಯ, ಇಷ್ಟೇ ಏನ್ರಿ ಸಾರ್!” ಎನ್ನುತ್ತಾಳೆ. ಅರ್ಧ ದಿನದ ನನ್ನ ದುಡಿಮೆಗೆ ಅವಳು ಕೊಟ್ಟ ಬೆಲೆ ಅಷ್ಟೇ. ಆದರೂ ಆ ತಿರಸ್ಕಾರವನ್ನು ಕೇಳಲಿಕ್ಕೆಂದೇ ಮಾರನೇ ದಿನ ಮತ್ತೆ ಕಂಬಿ ಹಿಡಿದು ನಿಲ್ಲುತ್ತೇನೆ.

ಇನ್ನೊಂದು ಸುಖ, ಮಕ್ಕಳನ್ನು ಕರೆದುಕೊಂಡು ಹೋಗಿದ್ದಾಗ, ಸಂಗನಕಲ್ಲು ಕುಪ್ಪಗಲ್ಲಿನ ಬೆಟ್ಟಗಳಲ್ಲಿ ಸಿಕ್ಕಿತು. ಸಾವಿರಾರು ವರ್ಷಗಳ ಹಿಂದೆ ಜನ ಅಲ್ಲಿ ಕುಳಿತು ಕಲ್ಲಿನ ಕೊಡಲಿ ಮಾಡುತ್ತಿದ್ದರು, ಬಂಡೆಗಳ ಮೇಲೆ ದನಗಳ ಚಿತ್ರ ಕುಟ್ಟಿದ್ದಾರೆ, ಬಡಿದರೆ ಗಂಟೆಯ ದನಿ ಕೊಡುವ ಕಲ್ಲುಗಳೂ ಇವೆ. ನಾನು ಇದನ್ನೆಲ್ಲ ಗಂಭೀರವಾಗಿ ವಿವರಿಸಿದೆ. ಆರನೇ ತರಗತಿಯವನೊಬ್ಬ ಕೈಯೆತ್ತಿದ.

“ಸಾರ್, ಅವ್ರಿಗೆ ಸಾಲಿ ಇತ್ತೇನ್ರಿ?”

“ಇಲ್ಲೋ.”

“ಅದಕ್ಕ ಇಷ್ಟೆಲ್ಲ ಕೆಲಸ ಮಾಡ್ಯಾರ.”

ಇಂಥ ಮಾತಿಗೆ ಪೆಟ್ಟು ಕೊಡಲು ಕಾಯ್ದೆ ಬಿಡುವುದಿಲ್ಲ, ಮನಸ್ಸೂ ಬರುವುದಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಯ ಪಕ್ಕದ ಸೀಟು ಅವನಿಗೇ ಕೊಟ್ಟೆ.

ಆಮೇಲೆ ಹಳೆಯ ವಿದ್ಯಾರ್ಥಿಗಳಿದ್ದಾರೆ. ಬಳ್ಳಾರಿಯಲ್ಲಿ ನಾನು ಎಲ್ಲೂ ಅಪರಿಚಿತನಾಗಿರುವ ಹಾಗಿಲ್ಲ. ಜೀನ್ಸ್ ಹೊಲಿಯುವ ಘಟಕದಿಂದ ಒಬ್ಬ ಕೈಬೀಸುತ್ತಾನೆ, ಮೊಬೈಲ್ ಅಂಗಡಿಯಲ್ಲಿ ಒಬ್ಬ ಸ್ಕ್ರೀನ್ ಗಾರ್ಡ್ ಪುಕ್ಕಟೆ ಹಾಕುತ್ತಾನೆ, ಆಸ್ಪತ್ರೆಯಲ್ಲಿ ಇಂಜೆಕ್ಷನ್ ಹಿಡಿದ ನರ್ಸ್ “ಸಾರ್, ಎಂಟರ ಮಗ್ಗಿ ಹೇಳ್ರಿ, ನೋವಾಗಂಗಿಲ್ಲ” ಎನ್ನುತ್ತಾಳೆ. ನಾನು ಅವಳಿಗೆ ಎಂಟರ ಮಗ್ಗಿ ಹೇಳಿಸುತ್ತಿದ್ದಾಗ ಇದೇ ಆಶ್ವಾಸನೆ ಕೊಡುತ್ತಿದ್ದೆನಂತೆ. ಇವರಲ್ಲಿ ಯಾರಿಗೂ ಬೀಜಗಣಿತದ ಒಂದು ಸೂತ್ರವೂ ನೆನಪಿಲ್ಲ. ನಾನು ಯಾವ ಅಂಗಿ ಹಾಕುತ್ತಿದ್ದೆ, ಯಾವ ಹುಡುಗನಿಗೆ ಏನೆಂದು ಬೈದೆ ಎಂಬುದು ತಾರೀಖು ಸಮೇತ ನೆನಪಿದೆ.

ತೊಂದರೆಯಾಗುವುದು ಸಂಜೆಯ ಹೊತ್ತು, ಒಗ್ಗರಣಿ ಮಿರ್ಚಿಯ ಬಂಡಿಯ ಹತ್ತಿರ. ಬಿಸಿ ಮಿರ್ಚಿಯನ್ನು ಒಗ್ಗರಣಿಯ ಮೇಲೆ ಮುರಿದು ಹಾಕಿಕೊಂಡು ಒಂದು ಪ್ಲೇಟ್ ಮುಗಿಸುವಷ್ಟರಲ್ಲಿ, “ಸಾರ್, ನಿಮ್ದು ಆಗೇತ್ರಿ” ಎನ್ನುತ್ತಾನೆ ಬಂಡಿಯವನು. ತಿರುಗಿ ನೋಡಿದರೆ ಹಳೆಯ ಶಿಷ್ಯನೊಬ್ಬ ಬೈಕಿನ ಮೇಲಿಂದ ನಮಸ್ಕಾರ ಮಾಡಿ ಹೋಗುತ್ತಿರುತ್ತಾನೆ. ಅವನು ಕೊಟ್ಟದ್ದು ಒಂದೇ ಪ್ಲೇಟಿನ ದುಡ್ಡು. ಈಗ ಇನ್ನೊಂದು ಪ್ಲೇಟ್ ಹೇಳಿದರೆ ಶಿಷ್ಯನ ದುಡ್ಡಿನಲ್ಲಿ ಮೇಷ್ಟ್ರು ಹೊಟ್ಟೆ ಬಿರಿಯ ತಿಂದರು ಎಂದಾಗುತ್ತದೆ. ಮನೆಯಲ್ಲಿ ಎಣ್ಣೆ ತಿಂಡಿ ಬಂದ್ ಎಂಬ ಆಜ್ಞೆ ಬೇರೆ ಇದೆ, ಸುದ್ದಿ ಮನೆ ಮುಟ್ಟಲು ಹೊತ್ತು ಹಿಡಿಯುವುದಿಲ್ಲ. ಆಸೆಯನ್ನು ನುಂಗಿ ಕೈತೊಳೆಯುತ್ತೇನೆ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಬಂಡಿಯ ಹತ್ತಿರ ನಿಮ್ಮ ಮೇಷ್ಟ್ರು ಕಂಡರೆ ಅವಶ್ಯವಾಗಿ ದುಡ್ಡು ಕೊಡಿ, ಬೇಡ ಎನ್ನುವುದಿಲ್ಲ. ಆದರೆ ಅವರು ಎರಡನೇ ಪ್ಲೇಟ್ ಹೇಳುವವರೆಗೆ ದಯವಿಟ್ಟು ತಡೆಯಿರಿ.