ಒಣಕೆರೆಯಲ್ಲಿ ನೊಣಗಾಳ: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಟ್ರೌಟ್ ವಿದ್ಯೆ

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಟ್ರೌಟ್ ಮೀನು ಇಲ್ಲ ಎಂಬ ಒಂದೇ ಕಾರಣಕ್ಕೆ ಅಲ್ಲಿನ ಟ್ರೌಟ್ ವಿದ್ಯೆಯನ್ನು, ಅಂದರೆ ಹುಸಿನೊಣ ಕಟ್ಟಿ ಬೀಸುವ ನೊಣಗಾಳವನ್ನು, ವಿದ್ವಾಂಸರು ಇದುವರೆಗೆ ಕಡೆಗಣಿಸಿಕೊಂಡು ಬಂದಿದ್ದಾರೆ. ಇದು ಶುದ್ಧ ಅನ್ಯಾಯ. ಗಂಡಭೇರುಂಡ ಕಣ್ಣಿಗೆ ಬಿದ್ದಿಲ್ಲವೆಂದು ಯಾರಾದರೂ ಅದರ ಮೇಲೆ ಪ್ರಬಂಧ ಬರೆಯುವುದನ್ನು ಬಿಟ್ಟಿದ್ದಾರೆಯೇ? ಈ ಕೊರತೆಯನ್ನು ತುಂಬುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಮೀನಿನ ಕೊರತೆಯನ್ನಲ್ಲ, ಪ್ರಬಂಧದ ಕೊರತೆಯನ್ನು.

ಶಾಸ್ತ್ರದ ಪದ್ಧತಿಯಂತೆ ಮೊದಲು ಪೂರ್ವಪಕ್ಷ. ಟ್ರೌಟ್ ತಣ್ಣೀರಿನ ಮೀನು. 10ರಿಂದ 18 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಸುಖವಾಗಿರುತ್ತದೆ, 25 ದಾಟಿದರೆ ಅದರ ಪ್ರಾಣಕ್ಕೇ ಸಂಚಕಾರ. ಚಳ್ಳಕೆರೆಯ ಬೇಸಗೆಯಲ್ಲಿ ನೆರಳೇ 40ರ ಹತ್ತಿರ ಕಾಯುತ್ತದೆ. ವರ್ಷದ ಮಳೆ 500 ಮಿಲಿಮೀಟರಿನ ಆಸುಪಾಸು, ಅದೂ ಮನಸ್ಸು ಬಂದರೆ. ವೇದಾವತಿ ಇದೆಯಲ್ಲ ಅನ್ನಬಹುದು. ಇದೆ. ಆದರೆ ಮೇಲೆ ಹಿರಿಯೂರಿನ ಹತ್ತಿರ ಮಾರಿಕಣಿವೆಯಲ್ಲಿ ವಾಣಿವಿಲಾಸ ಸಾಗರ ಅದನ್ನು ಹಿಡಿದು ಕೂರಿಸಿಕೊಂಡಿದೆ. 1907ರಲ್ಲಿ ಕಟ್ಟಿ ಮುಗಿಸಿದ ಆ ಜಲಾಶಯ ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ, ಎರಡನೇ ಸಲ 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷ. ಗಾಳ ಹಿಡಿದವನ ತಾಳ್ಮೆಯನ್ನು ಹೊಗಳಿ ಇಂಗ್ಲಿಷರು ಕಪಾಟುಗಟ್ಟಲೆ ಪುಸ್ತಕ ಬರೆದಿದ್ದಾರೆ. ಅವರ ತಾಳ್ಮೆ ಸಂಜೆ ಚಹಾದ ಹೊತ್ತಿಗೆ ಮುಗಿಯುವಂಥದ್ದು. ನಮ್ಮದು ಅಜ್ಜನಿಂದ ಮೊಮ್ಮಗನಿಗೆ ಪಹಣಿಯ ಜೊತೆ ಬರುವಂಥದ್ದು. 2025ರ ಜನವರಿಯಲ್ಲಿ ಮೂರನೇ ಸಲ ಕೋಡಿ ಬಿದ್ದಾಗ "ಇದೇನು ಹಿಂಗೆ ಸದರ ಆಗೋಯ್ತು" ಎಂದು ಗೊಣಗಿದ ಹಿರಿಯರೂ ಇದ್ದಾರೆ.

ಇನ್ನು ಗ್ರಂಥಾಧಾರ. ಗಾಳದ ವಿದ್ಯೆ ಇಂಗ್ಲೆಂಡಿನಲ್ಲಿ ಹುಟ್ಟಿತೆಂಬ ಭ್ರಮೆ ವ್ಯಾಪಕವಾಗಿದೆ. ಅಲ್ಲಿಯವರು ಗಾಳದ ಬಗ್ಗೆ ಅಚ್ಚು ಹಾಕಿಸಿದ ಮೊದಲ ಪುಸ್ತಕ 1496ರದ್ದು. ಬರೆದವಳು ಒಬ್ಬ ಸನ್ಯಾಸಿನಿ ಎಂದು ಪ್ರತೀತಿ. ಐಸಾಕ್ ವಾಲ್ಟನ್ನನ ಜಗತ್ಪ್ರಸಿದ್ಧ ಗ್ರಂಥ ಬಂದದ್ದು 1653ರಲ್ಲಿ. ಅಷ್ಟರಲ್ಲಿ ನಮ್ಮ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ' ಬರೆದು 500 ವರ್ಷ ಆಗಿತ್ತು. 12ನೇ ಶತಮಾನದ ಆ ಸಂಸ್ಕೃತ ಗ್ರಂಥದಲ್ಲಿ 'ಮತ್ಸ್ಯವಿನೋದ' ಎಂಬ ಒಂದು ಭಾಗವೇ ಇದೆ: ಮೀನಿನ ಜಾತಿಗಳು, ಯಾವುದಕ್ಕೆ ಯಾವ ಎರೆ, ದಾರ ಹೇಗಿರಬೇಕು, ಗಾಳ ಹೇಗೆ ಹಾಕಬೇಕು. ಮೀನುಶಾಸ್ತ್ರಜ್ಞ ಸುಂದರಲಾಲ್ ಹೋರಾ 1951ರಲ್ಲಿ ಇದರ ಮೇಲೆ ಲೇಖನ ಬರೆದು ವಿದ್ವಲ್ಲೋಕದ ಕಣ್ಣು ತೆರೆಸಿದರು. ಚಕ್ರವರ್ತಿಯೊಬ್ಬ ರಾಜ್ಯಭಾರದ ನಡುವೆ ಮೀನಿಗೆ ಏನು ಉಣ್ಣಿಸಬೇಕೆಂದು ಕೂತು ಬರೆದಿದ್ದಾನೆ ಎಂದರೆ ಆಗಿನ ಕಡತ ವಿಲೇವಾರಿ ಎಷ್ಟು ಚುರುಕಾಗಿತ್ತೆಂದು ಊಹಿಸಬಹುದು. ಮಾನಸೋಲ್ಲಾಸದಲ್ಲಿ ಟ್ರೌಟ್ ಇಲ್ಲ. ಅದು ಸೋಮೇಶ್ವರನ ತಪ್ಪಲ್ಲ. ನೀಲಗಿರಿಗೇ ಟ್ರೌಟ್ ಬಂದು ನೆಲೆಸಿದ್ದು 20ನೇ ಶತಮಾನದ ಮೊದಲ ದಶಕದಲ್ಲಿ, ಬಿಳಿಯರು ಮೊಟ್ಟೆ ತರಿಸಿ ಅವಲಾಂಚಿಯಲ್ಲಿ ಮರಿ ಮಾಡಿಸಿದ ಮೇಲೆ. ಚಳ್ಳಕೆರೆಗೆ ಯಾವ ದೊರೆಯೂ ಮೊಟ್ಟೆ ತರಲಿಲ್ಲ. ದಾರಿಯಲ್ಲೇ ಬೆಂದು ಆಮ್ಲೆಟ್ ಆಗುತ್ತದೆಂಬ ಆಡಳಿತಾತ್ಮಕ ಮುಂದಾಲೋಚನೆ ಇದಕ್ಕೆ ಕಾರಣವಿರಬೇಕು.

ಶಾಸನಾಧಾರ ಇದಕ್ಕಿಂತ ಗಟ್ಟಿ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಕಿರು ಬಂಡೆ ಶಾಸನಗಳನ್ನು 1892ರಲ್ಲಿ ಬಿ. ಎಲ್. ರೈಸ್ ಪತ್ತೆ ಮಾಡಿದರು. ಊರವರು ಅದಕ್ಕೂ ಮೊದಲೇ ಪತ್ತೆ ಮಾಡಿ 'ಅಕ್ಷರ ಗುಂಡು' ಎಂದು ಹೆಸರಿಟ್ಟುಕೊಂಡಿದ್ದರು, ಆದರೆ ವರದಿ ಸಲ್ಲಿಸಿರಲಿಲ್ಲ. ಬ್ರಹ್ಮಗಿರಿಯ ಶಾಸನದಲ್ಲಿ 256 ಎಂಬ ಸಂಖ್ಯೆ ಬರುತ್ತದೆ. ಅದು ಬುದ್ಧ ನಿರ್ವಾಣದ ನಂತರದ ವರ್ಷಗಳೆಂದು ಕೆಲವರು, ಅಶೋಕ ಸಂಚಾರದಲ್ಲಿ ಕಳೆದ ರಾತ್ರಿಗಳೆಂದು ಕೆಲವರು. ಗಾಳದ ಕೋಲು ಹಿಡಿದು ಮನೆ ಬಿಟ್ಟವರ ಹೆಂಡಂದಿರನ್ನು ಕೇಳಿದ್ದರೆ ವಿವಾದವೇ ಇರುತ್ತಿರಲಿಲ್ಲ: 256 ರಾತ್ರಿ ಹೊರಗೆ ಉಳಿದ ಗಂಡಸು ಧರ್ಮಪ್ರಚಾರಕ್ಕೆ ಹೋಗಿದ್ದೆ ಎನ್ನದೆ ಇನ್ನೇನು ಅಂದಾನು? ಅದೇ ಅಶೋಕ ದೆಹಲಿ–ತೋಪ್ರಾ ಸ್ತಂಭದ ಶಾಸನದಲ್ಲಿ ಇಂತಿಂಥ ದಿನ ಮೀನು ಕೊಲ್ಲಬಾರದು, ಮಾರಬಾರದು ಎಂದು ಕಟ್ಟಪ್ಪಣೆ ಮಾಡಿದ್ದಾನೆ. ಮೊಳಕಾಲ್ಮೂರಿನ ಬಂಡೆಗಳಲ್ಲಿ ಈ ಅಪ್ಪಣೆ ಇಲ್ಲ. ಸ್ಥಳ ಪರಿಶೀಲನೆ ನಡೆಸಿಯೇ ಕೈಬಿಟ್ಟಿರಬೇಕು.

ಇನ್ನೂ ಸೂಕ್ಷ್ಮವಾದ ಸಂಗತಿಯೊಂದಿದೆ. ಬ್ರಹ್ಮಗಿರಿಯ ಶಾಸನವೆಲ್ಲ ಬ್ರಾಹ್ಮಿಯಲ್ಲಿ ಎಡದಿಂದ ಬಲಕ್ಕೆ ಸಾಗುತ್ತದೆ. ಕೊನೆಯಲ್ಲಿ ಬರೆದವನು ಚಪಡ ಎಂದು ಹೆಸರು ಹೇಳಿ, 'ಲಿಪಿಕಾರ' ಎಂಬ ತನ್ನ ಹುದ್ದೆಯನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಕೆತ್ತಿದ್ದಾನೆ. ವಾಯವ್ಯ ದಿಕ್ಕಿನಿಂದ ಬಂದ ಲಿಪಿಕಾರನ ಜಂಬ ಇದು ಎನ್ನುತ್ತಾರೆ ಇತಿಹಾಸಕಾರರು. ಮುಂದಕ್ಕೊಂದು ಬೀಸು, ಹಿಂದಕ್ಕೊಂದು ಬೀಸು: ನೊಣಗಾಳದ ಮೂಲಸೂತ್ರವನ್ನು ಇದಕ್ಕಿಂತ ಅಡಕವಾಗಿ ಬಂಡೆಯ ಮೇಲೆ ಬರೆಯಲು ಸಾಧ್ಯವೇ ಎಂಬುದು ನಮ್ಮ ಪ್ರಶ್ನೆ.

ಸಾಮಗ್ರಿಯ ವಿಚಾರಕ್ಕೆ ಬಂದರೆ ಪೂರ್ವಪಕ್ಷ ಪೂರ್ತಿ ಕುಸಿಯುತ್ತದೆ. ಕ್ರಿ.ಶ. 200ರ ಸುಮಾರಿನಲ್ಲಿ ರೋಮಿನ ಈಲಿಯನ್, ಮೆಸಿಡೋನಿಯಾದ ಜನ ಹುಸಿನೊಣ ಕಟ್ಟುವ ರೀತಿಯನ್ನು ವರ್ಣಿಸಿದ್ದಾನೆ: ಗಾಳದ ಕೊಂಡಿಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಕೊರಳಿನ ಎರಡು ಗರಿ ಸಿಕ್ಕಿಸುವುದು. ಉಣ್ಣೆಗೆ ಚಳ್ಳಕೆರೆಯವರು ಯಾರ ಮನೆ ಬಾಗಿಲಿಗೂ ಹೋಗಬೇಕಿಲ್ಲ. ಕರಿ ಕುರಿಯ ಉಣ್ಣೆಯ ಕಂಬಳಿಗೇ ಹೆಸರಾದ ಊರು, ಕೆಂಪು ಬೇಕಾದರೆ ಬಣ್ಣ ಹಾಕಿದರಾಯಿತು. ಗರಿಯದ್ದೇ ಸ್ವಲ್ಪ ಪೇಚು. ಮ್ಯಾಸನಾಯಕರ ಹಟ್ಟಿಗಳಲ್ಲಿ ಸಂಪ್ರದಾಯದಂತೆ ಕೋಳಿ ಸಾಕುವುದಿಲ್ಲ, ತಿನ್ನುವುದಿಲ್ಲ. ಗರಿಗಾಗಿ ಅಲ್ಲಿಗೆ ಹೋದ ಸಂಶೋಧಕನಿಗೆ ಮಜ್ಜಿಗೆ ಸಿಗುತ್ತದೆ, ಹುಂಜ ಸಿಗುವುದಿಲ್ಲ. ಇನ್ನು ದಾರ. ನೈಲಾನು, ಪ್ಲಾಸ್ಟಿಕ್ಕು ಬರುವ ಮುಂಚೆ ಟ್ರೌಟಿನ ದಾರ ಹೆಚ್ಚಾಗಿ ಹೆಣೆದ ರೇಷ್ಮೆಯದ್ದು. ಅಗಸೆ ಎಣ್ಣೆ ಕುಡಿಸಿ, ಒಣಗಿಸಿ, ತೇಲಲೆಂದು ಕೊಬ್ಬು ಸವರುತ್ತಿದ್ದರು. ದಾರದ ತುದಿಗೆ ಕಟ್ಟುವ ಸಣ್ಣ ಎಳೆಯನ್ನಂತೂ ರೇಷ್ಮೆಹುಳು ಗೂಡು ಕಟ್ಟುವ ಮುನ್ನವೇ ಅದನ್ನು ವಿನೆಗರಿನಲ್ಲಿ ನೆನೆಸಿ, ಹೊಟ್ಟೆಯೊಳಗಿನ ಗ್ರಂಥಿಯನ್ನು ಎಳೆದು ಮಾಡುತ್ತಿದ್ದರು. ಸ್ಪೇನಿನ ಮುರ್ಸಿಯಾ ಇದಕ್ಕೆ ಪ್ರಸಿದ್ಧ. ಮೊಳಕಾಲ್ಮೂರಿನ ರೇಷ್ಮೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಮಗ್ಗ ಇದೆ, ಕೈಚಳಕ ಇದೆ. ಎಣ್ಣೆಗೆ ಪಕ್ಕದಲ್ಲೇ ಚಳ್ಳಕೆರೆಯ ಗಾಣಗಳು. ಕಡಲೆಕಾಯಿ ಎಣ್ಣೆ ಅಗಸೆ ಎಣ್ಣೆಯಂತೆ ಒಣಗಿ ಪದರ ಕಟ್ಟುವುದಿಲ್ಲ ಎಂಬುದು ತಾಂತ್ರಿಕ ತೊಡಕು, ಆದರೆ ದಾರ ಕೆಟ್ಟರೆ ಒಗ್ಗರಣೆಗಾದರೂ ಆಗುತ್ತದೆ. ಈ ಯೋಜನೆಯನ್ನು ಮೊಳಕಾಲ್ಮೂರಿನ ನೇಕಾರರೊಬ್ಬರ ಮುಂದಿಟ್ಟಾಗ ಅವರು ಲಾಳಿ ನಿಲ್ಲಿಸಿ, "ರೇಷ್ಮೇನ ನೀರಿಗೆ ಹಾಕ್ತೀರಾ? ಡ್ರೈ ವಾಶ್ ಮಾಡ್ಸಿ ಸಾರ್" ಎಂದರು. ಲಾಳಿ ಮತ್ತೆ ಓಡಿತು.

ನೇಕಾರರ ಈ ಮಾತಿನಲ್ಲಿ ಇಡೀ ಟ್ರೌಟ್ ಮೀಮಾಂಸೆಯ ತಿರುಳಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಇಂಗ್ಲೆಂಡಿನ ಹ್ಯಾಂಪ್‌ಶೈರಿನ ಹೊಳೆಗಳ ದಂಡೆಯಲ್ಲಿ ಎರಡು ಮತಗಳಿದ್ದವು. ನೊಣ ನೀರಿನ ಮೇಲೆ ಒಣಗಿಕೊಂಡು ತೇಲಬೇಕು ಎನ್ನುವ ಒಣಪಂಥಕ್ಕೆ ಆಚಾರ್ಯ ಫ್ರೆಡರಿಕ್ ಹಾಲ್ಫೋರ್ಡ್, 1886ರ ಗ್ರಂಥಕರ್ತ. ನೀರೊಳಗೆ ಮುಳುಗಿದರೂ ಅಡ್ಡಿಯಿಲ್ಲ ಎಂದ ಸ್ಕ್ಯೂಸ್ 1910ರಲ್ಲಿ ಪುಸ್ತಕ ಬರೆದು ಜಗಳಕ್ಕೆ ಬಂದ. ಒಣಪಂಥದ ಮಡಿವಂತರು ಮೀನು ಮೇಲೆ ಬಂದು ಬಾಯಿ ತೆರೆದದ್ದನ್ನು ಕಣ್ಣಾರೆ ಕಂಡ ಹೊರತು ಗಾಳ ಬೀಸುತ್ತಿರಲಿಲ್ಲವಂತೆ. ಹಾಲ್ಫೋರ್ಡ್ ಎಷ್ಟೇ ಮಡಿಯಾಗಿದ್ದರೂ ಅವನ ನೊಣದ ಅಡಿಯಲ್ಲಿ ನೀರಿತ್ತು. ನೀರಿನ ಸೋಂಕೇ ಇಲ್ಲದ ಪರಿಶುದ್ಧ ಒಣಪಂಥ ಸಿದ್ಧಿಸುವುದು ಚಳ್ಳಕೆರೆ ಸೀಮೆಯಲ್ಲಿ ಮಾತ್ರ.

ಇದು ಬರೀ ತರ್ಕವಲ್ಲ. ನೊಣಗಾಳ ಕಲಿಸುವ ಬಲ್ಲವರೆಲ್ಲ ಮೊದಲ ಪಾಠ ಹೇಳುವುದು ನೆಲದ ಮೇಲೆ, ಹುಲ್ಲಿನ ಮೇಲೆ. ನಮ್ಮ ಎರೆಹುಳುವಿನ ಗಾಳದಲ್ಲಿ ಸೀಸದ ಗುಂಡಿನ ಭಾರ ದಾರವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ನೊಣಕ್ಕೆ ತೂಕವೇ ಇಲ್ಲ, ತೂಕವಿರುವುದು ದಾರಕ್ಕೆ. ಕೋಲನ್ನು ಹಿಂದಕ್ಕೆ ಎತ್ತಿ, ಗಡಿಯಾರದಲ್ಲಿ ಒಂದು ಗಂಟೆಯ ಮುಳ್ಳು ನಿಲ್ಲುವ ಕಡೆ ತಟ್ಟನೆ ನಿಲ್ಲಿಸಬೇಕು. ದಾರ ಬೆನ್ನ ಹಿಂದೆ ಸುರುಳಿ ಬಿಚ್ಚಿ ನೆಟ್ಟಗಾಗುವವರೆಗೆ ಏನೂ ಮಾಡಬಾರದು. ಆಮೇಲೆ ಮುಂದಕ್ಕೆ. ವಿದ್ಯೆಯೆಲ್ಲ ಇರುವುದು ಆ ಏನೂ ಮಾಡದ ಒಂದು ಕ್ಷಣದಲ್ಲಿ. ಅದು ಕೈಗೆ ಬಂದ ದಿನ ಸುರುಳಿ ತಲೆಯ ಮೇಲೆ ಹಾದು ಹೋಗಿ, ದಾರ ಉದ್ದಕ್ಕೆ ಮಲಗಿ, ತುದಿಯ ಉಣ್ಣೆಯ ಚೂರು ಎಲ್ಲಕ್ಕಿಂತ ಕೊನೆಗೆ ಇಳಿಯುತ್ತದೆ. ಮೀನು, ನೀರು, ಸಂಬಳ, ಸಾಲ ಯಾವುದೂ ಆಗ ನೆನಪಿಗೆ ಬರುವುದಿಲ್ಲ. ಅವಸರಪಟ್ಟರೆ ಮಾತ್ರ ದಾರ ಬಾರುಕೋಲಿನಂತೆ ಚಟೀರೆಂದು, ನೊಣ ಹರಿದು ಹಾರಿಹೋಗುತ್ತದೆ. ಎತ್ತು ಹೊಡೆಯುವವನಿಗೆ ಆ ಸದ್ದೇ ಸಾರ್ಥಕ್ಯ. ಹೀಗಾಗಿ ನುರಿತ ಗಾಡಿ ಹೊಡೆಯುವವರು ಈ ವಿದ್ಯೆಯಲ್ಲಿ ಹಿಂದೆ ಬೀಳುತ್ತಾರೆ ಎಂಬುದು ಕ್ಷೇತ್ರಕಾರ್ಯದಿಂದ ತಿಳಿದುಬಂದ ಸಂಗತಿ.

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಕೆರೆ ಕಟ್ಟಿಸಿದವರು, ಮಾಡಿದಷ್ಟು ನೀಡು ಭಿಕ್ಷೆ ಎಂದವರು. ಮಣ್ಣು ಹೊತ್ತವರಿಗೆ ಈ ನಿಯಮ ತಪ್ಪದೆ ಫಲಿಸಿತೆಂದು ಐತಿಹ್ಯ. ಗಾಳ ಬೀಸುವವರಿಗೆ ಇದು ಅನ್ವಯಿಸುವುದಿಲ್ಲ. ಎಷ್ಟು ಬೀಸಿದರೂ ಸಿಗುವುದು ಬಳ್ಳಾರಿ ಜಾಲಿ. ಕೆರೆಯಂಗಳವನ್ನೆಲ್ಲ ಆವರಿಸಿರುವ ಈ ಮುಳ್ಳುಕಂಟಿ ಬೆನ್ನ ಹಿಂದೆ ಹೋದ ದಾರವನ್ನು ಹಿಡಿಯುವ ರೀತಿ ನೋಡಿದರೆ ನಿಜವಾದ ಗಾಳಗಾರ ಯಾರೆಂಬ ಸಂಶಯ ಬರುತ್ತದೆ. ಆಷಾಢದ ಗಾಳಿಯಲ್ಲಂತೂ ಮುಂದಕ್ಕೆ ಬೀಸಿದ್ದೂ ಹಿಂದಿನ ಜಾಲಿಗೇ.

ಇಲ್ಲಿ ಒಂದು ಪ್ರಾಸಂಗಿಕ ಟಿಪ್ಪಣಿ. ಟ್ರೌಟಿಗಿಂತ ನಮ್ಮವರಿಗೆ ಹತ್ತಿರದ ನೆಂಟ ಕಾವೇರಿಯ ಬಿಳಿಮೀನು, ಅಂದರೆ ಮಹಶೀರ್. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ಅದನ್ನು ಕೊಂಡಾಡಿ 1873ರಲ್ಲಿ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕವನ್ನು ಮಂಗಳೂರಿನಲ್ಲೇ ಅಚ್ಚು ಹಾಕಿಸಿದ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದರು. ಭೀಮೇಶ್ವರಿಯ ಕಡೆ ಗಾಳಕ್ಕೆ ಸಿಕ್ಕಿಸುತ್ತಿದ್ದದ್ದು ನೊಣವಲ್ಲ, ರಾಗಿ ಮುದ್ದೆ. ಮಹಶೀರಿನ ದವಡೆಯಲ್ಲಿ ಹಲ್ಲಿಲ್ಲ, ಇರುವ ಹಲ್ಲೆಲ್ಲ ಗಂಟಲಲ್ಲಿ. ಆದ್ದರಿಂದ ಅದು ಮುದ್ದೆಯನ್ನು ಬಾಯಲ್ಲಿ ಅಗಿಯದೆ ನುಂಗುತ್ತದೆ. ಮುದ್ದೆಯನ್ನು ಅಗಿಯುವ ಬೆಂಗಳೂರಿನ ಅಳಿಯಂದಿರನ್ನು ಕಂಡು ನಗುವ ಚಿತ್ರದುರ್ಗ ಜಿಲ್ಲೆಯವರು ಈ ಮೀನಿಗೆ ಗೌರವ ಸದಸ್ಯತ್ವ ಕೊಡುವ ಬಗ್ಗೆ ಯೋಚಿಸಬಹುದು.

ಕೊನೆಯದಾಗಿ ಪ್ರಯೋಗ. ನಾಯಕನಹಟ್ಟಿ ಹೋಬಳಿಯ ಒಂದು ಒಣಕೆರೆಯಲ್ಲಿ, ಏಪ್ರಿಲ್ ತಿಂಗಳ ಬೆಳಗ್ಗೆ, ಈಲಿಯನ್ನನ ವಿಧಿಯಂತೆ ಕೆಂಪು ಉಣ್ಣೆ ಕಟ್ಟಿ, ಅಭ್ಯಾಸದ ನಿಯಮದಂತೆ ಕೊಂಡಿ ಬಿಟ್ಟು, ಪ್ರಬಂಧಕಾರ ದಾರ ಬೀಸುತ್ತಿದ್ದಾಗ ಏರಿಯ ಮೇಲೆ ಮೇಕೆ ಹೊಡೆದುಕೊಂಡು ಹೋಗುತ್ತಿದ್ದ ಹಿರಿಯರೊಬ್ಬರು ನಿಂತರು.

"ಏನ್ ಕಳ್ಕಂಡಿಯಪ್ಪಾ?"

"ಏನೂ ಕಳ್ಕೊಂಡಿಲ್ಲ ಅಜ್ಜ. ಮೀನು ಹಿಡಿಯೋದು ಕಲೀತಿದೀನಿ."

ಅಜ್ಜ ನಗಲಿಲ್ಲ. ಏರಿಯಿಂದ ಕೋಡಿಯವರೆಗೆ ಕೆರೆಯಂಗಳವನ್ನು ಒಮ್ಮೆ ನೋಡಿ, ಹೆಗಲ ಕಂಬಳಿ ಸರಿಮಾಡಿಕೊಂಡು, "ಕಲ್ತ್ಕಳಪ್ಪ. ಭದ್ರಾ ನೀರು ಬರೋ ಹೊತ್ಗೆ ಕೈ ಕುದುರ್ತೈತೆ" ಎಂದರು. ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಘೋಷಿಸಿದ್ದನ್ನು ಗಣನೆಗೆ ತೆಗೆದುಕೊಂಡರೆ, ಪಾಠದ ಅವಧಿಯ ಬಗ್ಗೆ ಇಷ್ಟು ವಾಸ್ತವಿಕವಾದ ಅಂದಾಜನ್ನು ಹಾಲ್ಫೋರ್ಡನೂ ಕೊಟ್ಟಿಲ್ಲ.

ಅಷ್ಟರಲ್ಲಿ ಹಿಂಡಿನ ಒಂದು ಹೋತ ಏರಿ ಇಳಿದು ಬಂದು, ನೆಲಕ್ಕೆ ಆಗತಾನೆ ಇಳಿದಿದ್ದ ಕೆಂಪು ಉಣ್ಣೆಯನ್ನು ಲಬಕ್ಕನೆ ಬಾಯಿಗೆ ಹಾಕಿಕೊಂಡಿತು. ಕೋಲು ಬಾಗಿತು. ದಾರ ಸರ್ರನೆ ಬಿಚ್ಚಿಕೊಂಡಿತು. ಶಾಸ್ತ್ರಗ್ರಂಥಗಳು ವರ್ಣಿಸುವ ಎಲ್ಲ ಲಕ್ಷಣಗಳೂ ಒಂದೊಂದಾಗಿ ಕಾಣಿಸಿಕೊಂಡವು: ಮೊದಲ ಎಳೆತ, ದಿಕ್ಕು ಬದಲಿಸಿ ಓಟ, ಗಿಡಗಂಟೆಯ ಆಸರೆ ಹುಡುಕುವುದು. ಅಜ್ಜ "ಹೊಯ್, ಹೊಯ್" ಎನ್ನುತ್ತ ಬಂದು ಅದರ ದವಡೆ ಬಿಡಿಸುವ ಹೊತ್ತಿಗೆ ಮೂರಡಿ ರೇಷ್ಮೆ ಒಳಗೆ ಹೋಗಿತ್ತು. ಈಗಿನ ಅಂತರರಾಷ್ಟ್ರೀಯ ರೂಢಿಯಂತೆ ಹಿಡಿದದ್ದನ್ನು ಜೀವಂತ ಬಿಟ್ಟುಕೊಡಲಾಯಿತು. ಬಿಡದೆ ಇದ್ದಿದ್ದರೆ ಅಜ್ಜ ಬಿಡುತ್ತಿರಲಿಲ್ಲ. ತೂಕ ಹಾಕಲು ಅದು ನಿಲ್ಲಲಿಲ್ಲವಾದ್ದರಿಂದ ದಾಖಲೆಯಲ್ಲಿ ಆ ಅಂಕಣ ಖಾಲಿ ಇದೆ. ಜಾತಿ ಎಂಬ ಅಂಕಣದಲ್ಲಿ ಏನು ಬರೆಯಬೇಕೆಂಬ ಬಗ್ಗೆ ಪರೀಕ್ಷಕರು ಆಕ್ಷೇಪ ಎತ್ತಬಹುದು. ಅವರ ಗಮನಕ್ಕೆ: ನಮ್ಮ ರಾಜ್ಯದ ಸಚಿವಾಲಯದಲ್ಲಿ ಪಶುಸಂಗೋಪನೆ ಮತ್ತು ಮೀನುಗಾರಿಕೆ ಒಂದೇ ಇಲಾಖೆ. ಸರ್ಕಾರಕ್ಕೇ ಕಾಣದ ವ್ಯತ್ಯಾಸವನ್ನು ಸಂಶೋಧಕ ಕಾಣಿಸಹೋಗುವುದು ಅಧಿಕಪ್ರಸಂಗವಾದ್ದರಿಂದ, ಸದರಿ ಅಂಕಣದಲ್ಲಿ 'ಟ್ರೌಟ್, ಗಂಡು' ಎಂದು ನಮೂದಿಸಿ, ಸಾಕ್ಷಿಯಾಗಿ ಅಜ್ಜನ ಹೆಬ್ಬೆಟ್ಟು ಪಡೆಯಲಾಗಿದೆ.