ಬೆಣ್ಣೆಯ ಮೇಲಿನ ಅಪವಾದ

ದಾವಣಗೆರೆಯಲ್ಲಿ ಹೆಂಗಸೊಬ್ಬಳು ಒಂದು ಸುತ್ತು ದಪ್ಪಗಾದರೆ ತಪ್ಪೆಲ್ಲ ಬೆಣ್ಣೆಯದೇ. ಬೆಳಗ್ಗೆ ಕುಂದವಾಡ ಕೆರೆ ಏರಿಯ ಮೇಲೆ ಹೋಗಿ ನೋಡಿ, ಹೆಜ್ಜೆಗಿಂತ ಮಾತು ಜೋರು, ಮಾತೆಲ್ಲ ತೂಕದ್ದೇ. ಒಬ್ಬರು ಸಕ್ಕರೆ ಬಿಟ್ಟಿದ್ದಾರೆ, ಇನ್ನೊಬ್ಬರು ಅನ್ನ ಬಿಟ್ಟಿದ್ದಾರೆ. ಬೆಣ್ಣೆ ದೋಸೆ ಬಿಟ್ಟೆ ಅನ್ನುವ ಎದೆಗಾರಿಕೆ ಮಾತ್ರ ಯಾರಿಗೂ ಇಲ್ಲ.

ಹರಿಹರದ ನಮ್ಮ ಅತ್ತಿಗೆಯದು ಇನ್ನೂ ಕಟ್ಟುನಿಟ್ಟು. ಊರ ದೇವರು ಅರ್ಧ ಹರಿ, ಅರ್ಧ ಹರ. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಆ ಗುಡಿ ಕಟ್ಟಿಸುವಾಗ ಸೊಸೆಯರ ಹೊಟ್ಟೆಯ ಯೋಚನೆ ಮಾಡಿರಲಿಕ್ಕಿಲ್ಲ. ಅತ್ತಿಗೆ ಸೋಮವಾರ ಹರನ ಹೆಸರಲ್ಲಿ, ಶನಿವಾರ ಹರಿಯ ಹೆಸರಲ್ಲಿ ಒಪ್ಪತ್ತು ಮಾಡುತ್ತಾರೆ. ತೂಕದ ಮುಳ್ಳು ಮಾತ್ರ ನಾಸ್ತಿಕ, ಅಲುಗಾಡುವುದಿಲ್ಲ.

ನನಗೆ ಅನುಮಾನವಿರುವುದು ಗೋಡೆ ಗಡಿಯಾರದ ಮೇಲೆ. ಹಾಲಿಗೆ ಹೆಪ್ಪು ಹಾಕಿ, ಅಕ್ಕಿ ನೆನೆಸಿ, ಮೊಬೈಲಿನಲ್ಲಿ ಧಾರಾವಾಹಿಯ ಬಾಕಿ ತೀರಿಸಿ ಅತ್ತಿಗೆ ದಿಂಬಿಗೆ ತಲೆ ಕೊಡುವಾಗ ಹನ್ನೆರಡು. ತುಂಗಭದ್ರೆ ಊರ ಪಕ್ಕದಲ್ಲೇ ಹಗಲೂ ರಾತ್ರಿ ಹರಿಯುತ್ತಾಳೆ, ಇವರ ನಲ್ಲಿಗೆ ಬರುವುದು ಮಾತ್ರ ಬೆಳಗಿನ ಜಾವ ನಾಲ್ಕಕ್ಕೆ.

ಅಮೆರಿಕದಲ್ಲಿ 68,183 ನರ್ಸುಗಳನ್ನು 16 ವರ್ಷ ಗಮನಿಸಿದ ಅಧ್ಯಯನವೊಂದು 2006ರಲ್ಲಿ ಬಂತು. ರಾತ್ರಿ ಐದು ತಾಸೋ ಅದಕ್ಕೂ ಕಡಿಮೆಯೋ ಮಲಗುವವರು 15 ಕೆಜಿ ಏರುವ ಸಂಭವ, ಏಳು ತಾಸು ಮಲಗುವವರಿಗಿಂತ ಶೇ. 32ರಷ್ಟು ಹೆಚ್ಚಂತೆ. ಸೋಜಿಗವೆಂದರೆ ಅವರು ಹೆಚ್ಚು ತಿನ್ನುತ್ತಲೂ ಇರಲಿಲ್ಲ. ಅದು ಅವರೇ ಕೊಟ್ಟ ಲೆಕ್ಕ ಅನ್ನಿ. ಉಪ್ಪು ನೋಡಲು ಅಂಗೈಗೆ ಹಾಕಿಕೊಂಡ ಸಾರು, ಮಗ ತಟ್ಟೆಯಲ್ಲಿ ಬಿಟ್ಟ ಅರ್ಧ ಮಿರ್ಚಿ, ಇದನ್ನೆಲ್ಲ ಯಾವ ಹೆಂಗಸು ಬರೆದಿಡುತ್ತಾಳೆ?

ಚಿಕಾಗೋದವರು 2004ರಲ್ಲಿ ಇನ್ನೂ ಹತ್ತಿರಕ್ಕೆ ಹೋದರು. ಎರಡು ರಾತ್ರಿ ನಾಲ್ಕೇ ತಾಸು ಮಲಗಿಸಿದರೆ ಹಸಿವು ಕೆರಳಿಸುವ ಗ್ರೆಲಿನ್ ಏರುತ್ತದೆ, ಸಾಕು ಅನ್ನಿಸುವ ಲೆಪ್ಟಿನ್ ಇಳಿಯುತ್ತದೆ. ನಾಲಿಗೆ ಸಿಹಿ, ಉಪ್ಪು, ಹಿಟ್ಟಿನ ಪದಾರ್ಥ ಬೇಡುತ್ತದೆ. ಅಂದರೆ ಸಂಜೆಯ ಮಂಡಕ್ಕಿ-ಮಿರ್ಚಿ! ಪ್ರಯೋಗಕ್ಕೆ ಕೂತವರು ಹನ್ನೆರಡು ಜನ, ಹನ್ನೆರಡೂ ಗಂಡು ಹುಡುಗರು. ಅವರು ಎರಡು ರಾತ್ರಿ ನಿದ್ದೆಗೆಟ್ಟದ್ದು ವಿಜ್ಞಾನವಾಯಿತು. ನಮ್ಮಲ್ಲಿ ಮೂವತ್ತು ವರ್ಷ ನಿದ್ದೆಗೆಟ್ಟವಳಿಗೆ ವಾಕಿಂಗ್ ಶೂ ಕೊಡಿಸುತ್ತಾರೆ.

ತೂಕ ಏರಿದರೆ ನಾಲಿಗೆಯೂ ಸುಮ್ಮನಿರುವುದಿಲ್ಲ. ಕಾರ್ನೆಲ್‌ನಲ್ಲಿ ಕೊಬ್ಬು ತಿನ್ನಿಸಿ ದಪ್ಪ ಮಾಡಿದ ಇಲಿಗಳ ರುಚಿಮೊಗ್ಗುಗಳು ಎಂಟೇ ವಾರದಲ್ಲಿ ಸುಮಾರು ಕಾಲು ಭಾಗ ಕಡಿಮೆಯಾದವು. ಅತ್ತಿಗೆಯ ಪಲ್ಯಕ್ಕೆ ಈಚೆಗೆ ಉಪ್ಪು ಒಂದು ಚಿಟಿಕೆ ಮುಂದಾಗಿರುವುದಕ್ಕೆ ಇದೇ ಕಾರಣವೆಂದು ನಾನು ಬಾಯಿಬಿಟ್ಟು ಹೇಳಿಲ್ಲ. ಊಟ ಸಿಗಬೇಕಲ್ಲ.

ಇನ್ನೊಂದನ್ನು ಮಾತ್ರ ಹೇಳಿದೆ. ಮತ್ತೆ ಚಿಕಾಗೋದಲ್ಲೇ, ಹೆಚ್ಚು ತೂಕದ, ಕಡಿಮೆ ನಿದ್ದೆಯವರು ಮೊದಲಿಗಿಂತ ಒಂದು ತಾಸಿನ ಮೇಲೆ ತುಸು ಹೆಚ್ಚು ಮಲಗಿದಾಗ ದಿನಕ್ಕೆ ಸುಮಾರು 270 ಕ್ಯಾಲೊರಿ ತಾನಾಗಿ ಕಡಿಮೆ ತಿಂದರಂತೆ ಎಂದು.

ಅತ್ತಿಗೆ ಒಗ್ಗರಣೆ ಸೌಟು ಕೆಳಗಿಟ್ಟು ಕೇಳಿದರು: “ನಾಲ್ಕಕ್ಕೆ ಎದ್ದು ಕೊಡ ತುಂಬೋಕೆ ಅವರೇ ಬರ್ತಾರಂತೇನು?”