ಸೊನ್ನೆ ಟಿಕೆಟ್

(ಚಾಮರಾಜನಗರ ಬಸ್ ನಿಲ್ದಾಣ. ಗುಂಡ್ಲುಪೇಟೆಗೆ ಹೊರಟ ಕೆಂಪು ಬಸ್ಸು. ಮೂರು ಜನರ ಸೀಟಿನಲ್ಲಿ ಕಿಟಕಿ ಪಕ್ಕ ಲಕ್ಷ್ಮಮ್ಮ, ಕಾಲ ಬಳಿ ಬಿತ್ತನೆ ಅರಿಸಿನದ ಚೀಲ. ನಡುವೆ ಬೆಂಗಳೂರಿನಿಂದ ಊರಿಗೆ ಹೊರಟ ಇಂಜಿನಿಯರ್ ಕಿರಣ. ಈಚೆ ತುದಿಗೆ ನಿವೃತ್ತ ಕನ್ನಡ ಮೇಷ್ಟ್ರು ಶಿವಣ್ಣ. ಕಿರಣ ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದಿದ್ದಾನೆ.)

ಲಕ್ಷ್ಮಮ್ಮ: ಯಾಕ್ ಕುಸಾ, ಆಗ್ಲಿಂದ ಅದನ್ನೇ ದಿಟ್ಟಿಸ್ಕಂಡು ಕೂತಿದ್ದೀಯೆ? ಕೆಲಸ ಹೋಯ್ತಾ?

ಕಿರಣ: ಇಲ್ಲ ಅಜ್ಜಿ. ಹೊಸ ಭಾಷೆ ಮಾಡ್ತಾ ಇದ್ದೀನಿ.

ಮೇಷ್ಟ್ರು: (ಪೇಪರ್ ಇಳಿಸಿ) ಇರೋ ಭಾಷೇನೇ ನೆಟ್ಟಗೆ ಬರೆಯೋರಿಲ್ಲ. ಇನ್ನೊಂದು ಬೇರೆ ಕೇಡು.

ಕಿರಣ: ಮನುಷ್ಯರಿಗಲ್ಲ ಸಾರ್, ಕಂಪ್ಯೂಟರಿಗೆ ಕೆಲಸ ಹೇಳೋ ಭಾಷೆ. ಮೊದಲನೇ ಹೆಜ್ಜೆಯಲ್ಲೇ ನಿಂತುಬಿಟ್ಟಿದ್ದೀನಿ. ಪಟ್ಟಿಯನ್ನ ಒಂದರಿಂದ ಎಣಿಸಬೇಕಾ, ಸೊನ್ನೆಯಿಂದಲಾ ಅಂತ. ಹಳೇ ಫೋರ್ಟ್ರಾನ್ ಒಂದು ಅನ್ನುತ್ತೆ, ಸಿ ಭಾಷೆ ಸೊನ್ನೆ ಅನ್ನುತ್ತೆ. ಡೈಕ್‌ಸ್ಟ್ರಾ ಅಂತ ಡಚ್ ವಿಜ್ಞಾನಿ 1982ರಲ್ಲಿ ಸೊನ್ನೆಯೇ ಸರಿ ಅಂತ ಕೈಬರಹದಲ್ಲಿ ಒಂದು ಟಿಪ್ಪಣಿಯನ್ನೇ ಬರೆದಿಟ್ಟಿದ್ದಾರೆ.

ಲಕ್ಷ್ಮಮ್ಮ: ರಾಗಿ ಅಳೆಯೋವಾಗ ನಾವು ಒಂದೂ ಅನ್ನಕಿಲ್ಲ, ಸೊನ್ನೆಯೂ ಅನ್ನಕಿಲ್ಲ. ಲಾಭ, ಎರಡು, ಮೂರು ಅಂತೀವಿ.

ಕಿರಣ: (ತಲೆ ಕೆರೆದುಕೊಂಡು) ಇದು ಡೈಕ್‌ಸ್ಟ್ರಾ ಟಿಪ್ಪಣಿಯಲ್ಲಿ ಇಲ್ಲ ಅಜ್ಜಿ.

ಕಂಡಕ್ಟರ್: ಟಿಕೆಟ್, ಟಿಕೆಟ್. ಅಮ್ಮಾ, ಆಧಾರ್ ತೋರ್ಸಿ. (ಮಷೀನ್ ಒತ್ತಿ ಲಕ್ಷ್ಮಮ್ಮನಿಗೆ ಚೀಟಿ ಹರಿದು ಕೊಡುತ್ತಾನೆ.)

ಕಿರಣ: ಕಂಡಕ್ಟ್ರೇ, ಸೊನ್ನೆ ರೂಪಾಯಿಗೆ ಟಿಕೆಟ್ ಯಾಕೆ? ಹೆಂಗೂ ದುಡ್ಡಿಲ್ಲ, ಹಂಗೇ ಬಿಟ್ರೆ ಕಾಗದ ಉಳಿಯಲ್ವಾ?

ಕಂಡಕ್ಟರ್: ಕಾಗದ ಉಳೀತದೆ, ನನ್ನ ಕೆಲಸ ಉಳಿಯಲ್ಲ. ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಬಂದಿದ್ದು 2023ರ ಜೂನ್ 11ಕ್ಕೆ. ಅವತ್ತಿಂದ ಇದನ್ನೇ ಎಲ್ಲರಿಗೂ ಹೇಳಿ ಹೇಳಿ ಗಂಟಲು ಬಿದ್ದೋಗದೆ. ಸೊನ್ನೆ ಟಿಕೆಟ್ ಅಂದ್ರೆ ಮನುಷ್ಯರು ಇದ್ದಾರೆ, ಎಲ್ಲಿ ಹತ್ತಿ ಎಲ್ಲಿ ಇಳೀತಾರೆ ಅನ್ನೋದು ಅದೆ, ದುಡ್ಡು ಮಾತ್ರ ಸೊನ್ನೆ. ಟಿಕೆಟ್ಟೇ ಇಲ್ಲ ಅಂದ್ರೆ ಏನೂ ಇಲ್ಲ. ತೆರಕಣಾಂಬೀಲಿ ಚೆಕಿಂಗ್‌ನೋರು ಹತ್ತಿದ್ರೆ ಸೊನ್ನೆ ನೋಡಿ ಮುಂದಕ್ಕೆ ಹೋಗ್ತಾರೆ. ಇಲ್ಲದ್ದನ್ನ ನೋಡಿದ್ರೆ ಅಲ್ಲೇ ಬಸ್ ನಿಲ್ಸಿ ನನ್ನ ಹಿಡ್ಕೋತಾರೆ.

ಕಿರಣ: (ಎದ್ದು ನಿಲ್ಲಲು ಹೋಗಿ ತಲೆ ಬಡಿಸಿಕೊಂಡು) ಅಯ್ಯೋ! ಇದನ್ನ 1965ರಲ್ಲಿ ಟೋನಿ ಹೋರ್‌ಗೆ ಹೇಳೋರಿರಲಿಲ್ಲವಲ್ಲ!

ಲಕ್ಷ್ಮಮ್ಮ: ಯಾರಪ್ಪ ಅವನು?

ಕಿರಣ: ಇಂಗ್ಲೆಂಡಿನವರು ಅಜ್ಜಿ, ದೊಡ್ಡ ವಿದ್ವಾಂಸರು. ಆಲ್ಗಾಲ್ ಡಬ್ಲ್ಯೂ ಅನ್ನೋ ಭಾಷೆ ಕಟ್ಟುವಾಗ, ಮಾಡೋದು ಸುಲಭ ಅಂತ ‘ನಲ್’ ಅನ್ನೋದನ್ನ ಸೇರಿಸಿಬಿಟ್ರು. ಸೊನ್ನೆ ಅಲ್ಲ, ಖಾಲಿ ಚೀಟಿಯೂ ಅಲ್ಲ. ಚೀಟಿಯೇ ಇಲ್ಲ. ಪ್ರೋಗ್ರಾಂ ಅಲ್ಲೇನೋ ಇದೆ ಅಂತ ನಂಬಿ ಕೈಹಾಕುತ್ತೆ, ಮುಗ್ಗರಿಸಿ ಬೀಳುತ್ತೆ. 2009ರಲ್ಲಿ ಅವರೇ ನಿಂತು, ಇದು ನನ್ನ ನೂರು ಕೋಟಿ ಡಾಲರಿನ ತಪ್ಪು ಅಂದ್ರು.

ಲಕ್ಷ್ಮಮ್ಮ: ಪಾಪ, ಅಷ್ಟೂ ಕಟ್ಟಿದ್ನಾ?

ಕಿರಣ: ಅವರೆಲ್ಲಿ ಕಟ್ಟಿದ್ರು? ಇವತ್ತಿಗೂ ರಾತ್ರಿ ಎರಡು ಗಂಟೆಗೆ ಫೋನ್ ಬಂದು ಎದ್ದು ಕಟ್ತಾ ಇರೋರು ನಾವು. ನನ್ನ ಭಾಷೇಲಿ ನಲ್ ಇಲ್ಲ. ತೀರ್ಮಾನ ಆಯ್ತು. ಇಲ್ಲ ಅನ್ನೋದಕ್ಕೂ ಒಂದು ಚೀಟಿ ಕೊಡಲೇಬೇಕು, ನೋಡದೆ ಮುಂದೆ ಹೋಗೋ ಹಾಗಿಲ್ಲ.

ಕಂಡಕ್ಟರ್: ಚೀಟಿ ನೋಡೋದು ಯಾವಾಗ? ಬಸ್ ಬಿಡೋ ಮುಂಚೆಯೋ, ಓಡ್ತಾ ಇರೋವಾಗಲೋ?

ಕಿರಣ: ಅದೇ ದೊಡ್ಡ ಜಗಳ ಕಂಡಕ್ಟ್ರೇ! ಹೊರಡೋ ಮುಂಚೆ ಎಲ್ಲಾ ನೋಡ್ಬೇಕು ಅನ್ನೋದು ಒಂದು ಪಂಗಡ. ಹೊರಟುಬಿಡೋಣ, ಕೆಟ್ಟಾಗ ನೋಡ್ಕೊಳ್ಳೋಣ ಅನ್ನೋದು ಇನ್ನೊಂದು. 1995ರಲ್ಲಿ ಬ್ರೆಂಡನ್ ಐಕ್ ಅನ್ನೋರು ಹತ್ತೇ ದಿನದಲ್ಲಿ ಈ ಎರಡನೇ ಪಂಗಡದ ಭಾಷೆ ಜಾವಾಸ್ಕ್ರಿಪ್ಟ್‌ನ ಮೊದಲ ರೂಪ ಮಾಡಿದ್ರು. ಅದರಲ್ಲಿ ಅಕ್ಷರದ 5ಕ್ಕೆ ಅಂಕಿಯ 5 ಕೂಡಿಸಿದ್ರೆ ಹತ್ತಲ್ಲ, 55.

ಕಂಡಕ್ಟರ್: ಅದೇ ಮಷೀನ್ ನಂಗೆ ಕೊಟ್ಟಿದ್ರೆ ಡಿಪೋದಲ್ಲಿ ಮನೆ ಮಾರಿ ಲೆಕ್ಕ ಕಟ್ಟಬೇಕಿತ್ತು. (ಮುಂದಕ್ಕೆ ಹೋಗುತ್ತಾನೆ.)

(ಬಸ್ಸು ಉಬ್ಬು ಹಾರುತ್ತದೆ. ಕಿರಣನ ಹೆಬ್ಬೆರಳು ಸ್ಪೇಸ್ ಬಾರ್ ಮೇಲೆ ಬೀಳುತ್ತದೆ.)

ಕಿರಣ: ಹೋಯ್ತು! ಸಾಲು ಒಳಕ್ಕೆ ಸರೀತು, ಈಗ ಅರ್ಥವೇ ಬೇರೆ.

ಮೇಷ್ಟ್ರು: ಖಾಲಿ ಜಾಗ ಬಿಟ್ರೆ ಅರ್ಥ ಬದಲಾಗುತ್ತಾ?

ಕಿರಣ: ಪೈಥಾನ್ ಅನ್ನೋ ಭಾಷೇಲಿ ಹಂಗೇ ಸಾರ್. ಗೀಡೊ ವಾನ್ ರಾಸಮ್ 1991ರಲ್ಲಿ ಅದನ್ನ ಹೊರಗೆ ಬಿಟ್ಟಾಗಿಂದ ಇದೇ ನಿಯಮ. ಯಾವುದರೊಳಗೆ ಯಾವುದು ಅನ್ನೋದನ್ನ ಸಾಲಿನ ಮುಂದಿನ ಜಾಗ ನೋಡಿಯೇ ತಿಳ್ಕೊಳ್ಳುತ್ತೆ. ತಪ್ಪಿದ್ರೆ ನಡೆಯೋದೇ ಇಲ್ಲ.

ಮೇಷ್ಟ್ರು: (ಕಣ್ಣರಳಿಸಿ) ಮಾರ್ಜಿನ್ ಬಿಡ್ರೋ ಅಂತ ಸರ್ವೀಸು ಪೂರ್ತಿ ಬಡ್ಕೊಂಡೆ, ಒಬ್ಬನೂ ಕೇಳಲಿಲ್ಲ. ಬಿಡದಿದ್ರೆ ನಡೆಯೋದೇ ಇಲ್ಲ ಅಂದನಲ್ಲ, ಅವನೇ ಮೇಷ್ಟ್ರು. ಅದನ್ನ ಇಟ್ಕೋ.

ಲಕ್ಷ್ಮಮ್ಮ: ಅದರಲ್ಲಿ ನನ್ನ ಹೆಸರು ಬರೀತೀಯಾ?

ಕಿರಣ: (ಒತ್ತುತ್ತಾ) ಬರೆದೆ ಅಜ್ಜಿ. ಈ ಹೆಸರಿಗೆ ಎಷ್ಟು ಅಕ್ಷರ ಅನ್ನೋದು ಮಾತ್ರ ಕೇಳಬೇಡಿ.

ಮೇಷ್ಟ್ರು: ಯಾಕೆ ಕೇಳಬಾರದು? ಲ, ಕ್ಷ್ಮ, ಮ್ಮ. ಮೂರು.

ಕಿರಣ: ಪೈಥಾನ್ 9 ಅನ್ನುತ್ತೆ. ಯೂನಿಕೋಡ್‌ನಲ್ಲಿ ಕ, ಷ, ಮ ಎಲ್ಲಾ ಬಿಡಿಬಿಡಿ, ನಡುವೆ ಇರೋ ಒಂದೊಂದು ಹಲಂತ ಚಿಹ್ನೆಗೂ ಒಂದೊಂದು ಲೆಕ್ಕ. ಗೋ ಭಾಷೆ ಕೇಳಿದ್ರೆ 27. ಅದು ಬೈಟು ಎಣಿಸುತ್ತೆ, ಕನ್ನಡದ ಒಂದೊಂದಕ್ಕೆ ಮೂರು ಮೂರು ಬೈಟು.

ಲಕ್ಷ್ಮಮ್ಮ: ಇಪ್ಪತ್ತೇಳಾ! ಮೆಲ್ಲಗೆ ಮಾತಾಡಪ್ಪ, ಕಂಡಕ್ಟ್ರು ಕೇಳಿಸ್ಕಂಡಾನು.

ಮೇಷ್ಟ್ರು: ನಿನ್ನ ಭಾಷೆ ಏನನ್ನುತ್ತೆ?

ಕಿರಣ: ಅದೇ ತೋಚ್ತಾ ಇಲ್ಲ ಸಾರ್. ಸಾಮಾನು ತುಂಬೋನಿಗೆ 27 ಬೇಕು, ಓದೋನಿಗೆ ಮೂರು ಬೇಕು.

ಮೇಷ್ಟ್ರು: ಮೂರು ಅಂತ ಬರೆದೋನಿಗೆ ನಾನು ಮಾರ್ಕು ಕೊಡ್ತೀನಿ. ಮಿಕ್ಕಿದ್ದಕ್ಕೆ ಕೆಂಪು ಗೆರೆ. ಅಲ್ಲಯ್ಯ, ಕನ್ನಡದಲ್ಲಿ ಇದನ್ನೆಲ್ಲ ಯಾರೂ ಮಾಡೇ ಇಲ್ವಾ?

ಕಿರಣ: ಪವನಜ ಅನ್ನೋರು ಮಾಡಿದ್ದಾರಲ್ಲ. ಮಕ್ಕಳಿಗೆ ಅಂತ 1967ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಲೋಗೋ ಭಾಷೆಯನ್ನ ಕನ್ನಡಕ್ಕೆ ತಂದ್ರು. ಪರದೆ ಮೇಲೆ ಒಂದು ಆಮೆ, ಮಕ್ಕಳು ಹೇಳಿದ ಕಡೆ ಗೆರೆ ಎಳೀತಾ ಹೋಗುತ್ತೆ. ಬೇರೆ ಭಾಷೆಗಳು ಕನ್ನಡ ಅಂದ್ರೆ ಅಷ್ಟಕ್ಕಷ್ಟೆ. ಗೋದಲ್ಲಿ ಒಂದು ಅಂಕಿಗೆ ‘ದರ’ ಅಂತ ಹೆಸರಿಟ್ರೆ ಒಪ್ಪುತ್ತೆ, ‘ಬೆಲೆ’ ಅಂತ ಇಟ್ರೆ ತಪ್ಪು ಅಂತ ನಿಲ್ಲಿಸಿಬಿಡುತ್ತೆ. ಎತ್ವವನ್ನ ಅದು ಅಕ್ಷರ ಅಂತ ಲೆಕ್ಕಕ್ಕೇ ತಗೊಳ್ಳಲ್ಲ.

ಲಕ್ಷ್ಮಮ್ಮ: ದರ ಅದೆ, ಬೆಲೆ ಇಲ್ಲ. ನಮ್ಮ ಚೆಂಡು ಹೂವಿಂದೂ ಅದೇ ಕತೆ ಕನಪ್ಪ. ಬೋರ್ಡಲ್ಲಿ ದರ ಬರ್ದಿರ್ತಾರೆ, ನಾವು ಹೂ ಕುಯ್ಕಂಡು ಹೋಗೋ ಹೊತ್ಗೆ ಬೆಲೆ ಇರಕಿಲ್ಲ.

ಕಂಡಕ್ಟರ್: ಗುಂಡ್ಲುಪೇಟೆ, ಗುಂಡ್ಲುಪೇಟೆ! ಸಾಮಾನು ನೋಡ್ಕೊಂಡು ಇಳೀರಿ.

ಮೇಷ್ಟ್ರು: ಇಷ್ಟೆಲ್ಲ ಆಗಿ, ನಿನ್ನ ಭಾಷೆಗೆ ಈಗ ಏನೇನು ಬರುತ್ತಪ್ಪ?

ಕಿರಣ: ಕೂಡೋದು ಬರುತ್ತೆ ಸಾರ್.

ಮೇಷ್ಟ್ರು: ಕಳೆಯೋದು?

ಕಿರಣ: ಬರುತ್ತೆ. ಆದ್ರೆ ಸೊನ್ನೆಗಿಂತ ಕೆಳಕ್ಕೆ ಹೋಗೋಕೆ ಬಿಡಬೇಕಾ ಬೇಡವಾ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ.

ಲಕ್ಷ್ಮಮ್ಮ: (ಅರಿಸಿನದ ಚೀಲ ಅವನ ಹೆಗಲಿಗೇರಿಸುತ್ತಾ) ನಾವು ಹೋಗಿ ಎಷ್ಟೋ ವರ್ಷ ಆಯ್ತು ಕುಸಾ. ಸೊಸೈಟಿ ಪಾಸ್‌ಬುಕ್ ಮನೇಲದೆ, ಬಾ, ನೋಡ್ಕಂಡು ಬರ್ಕಂಬುಡು.